ಚಷ್ಮಾ ತೆಗೆದಿಡಿ ಅನ್ನುವ ಹೆಡ್‌ಸೆಟ್ ಯಾರಿಗಾಗಿ?

ಸಂಪಾದಕರೇ, ನಮಸ್ಕಾರ.

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿನ ಮುಂದೆಯೇ ಪರದೆ ಇರುವ ಯಂತ್ರ, ಹಾಕಿಕೊಂಡು ಪಾಠ ಕಲಿಯುವ ಬಗ್ಗೆ ಪತ್ರಿಕೆಗಳಲ್ಲಿ ಈಗ ಮೇಲಿಂದ ಮೇಲೆ ಬರುತ್ತಿದೆ. ಎಂಜಿನಿಯರಿಂಗ್ ಕಾಲೇಜು, ಐಟಿಐ, ನರ್ಸಿಂಗ್ ಕಾಲೇಜು, ಎಲ್ಲಿ ಹೋದರೂ ಇದೇ ಮಾತು. ಒಳ್ಳೆಯದೇ. ಆದರೆ ಈ ಬರಹಗಳಲ್ಲಿ ಒಂದು ವಿಷಯ ಯಾರೂ ಎತ್ತುವುದಿಲ್ಲ. ಚಷ್ಮಾ ಹಾಕಿಕೊಳ್ಳುವವರು ಏನು ಮಾಡಬೇಕು?

ನಾನು ಹುಬ್ಬಳ್ಳಿಯವನು. ಲೆನ್ಸು, ಕ್ಯಾಮೆರಾ, ಸೆನ್ಸರ್ ಕೂಡಿಸುವ ಕೆಲಸ ನನ್ನದು. ನನಗೂ ಮೈನಸ್ ಪವರ್ ಇದೆ. ನಮ್ಮ ಕಡೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಹೊಸ ಹೆಡ್‌ಸೆಟ್ ತೋರಿಸುತ್ತಿದ್ದರು. ಕಣ್ಣು ಎತ್ತ ನೋಡುತ್ತದೋ ಅದನ್ನು ಹಿಡಿಯುವ ಮಾದರಿ ಅದು. ಎದುರಿಗಿರುವ ಬಟನ್ನನ್ನು ಸುಮ್ನೆ ದಿಟ್ಟಿಸಿದರೆ ಸಾಕು, ಅದು ಹೊಳೆಯಬೇಕು. ದಪ್ಪ ಗ್ಲಾಸಿನ ಒಬ್ಬ ಹುಡುಗಿಯ ಪಾಳಿ ಬಂದಾಗ ಯಂತ್ರ ಮತ್ತೆ ಮತ್ತೆ ಕ್ಯಾಲಿಬ್ರೇಶನ್, ಅಂದರೆ ಅವಳ ಕಣ್ಣಿಗೆ ತಕ್ಕಂತೆ ತನ್ನನ್ನು ಹೊಂದಿಸುವುದನ್ನು, ಕೇಳಿತು. ತೋರಿಸಲು ಬಂದವರು, "ಚಷ್ಮಾ ತಗದಿಡಮ್ಮ" ಅಂದರು. ತೆಗೆದಳು. ಕಣ್ಣು ಹಿಡಿಯಿತು, ಆದರೆ ಅವಳಿಗೆ ಬಟನ್ನೇ ಕಾಣಲಿಲ್ಲ. "ಇಂಥ ಕೇಸು ಒಂದೊಂದು ಇರ್ತಾವ" ಅಂತ ಅವರು ಮುಂದಿನವರನ್ನು ಕರೆದರು.

ಒಂದೊಂದು? ಯಾವುದೇ ಕಾಲೇಜಿನ ತರಗತಿಯ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿ. ಸ್ಟಾಫ್ ರೂಮಿಗೆ ಹೋದರೆ ಇನ್ನೂ ಜಾಸ್ತಿ. ನಲವತ್ತು ದಾಟಿದ ಮೇಲೆ ಚಾಳೀಸು ತಪ್ಪುವುದಿಲ್ಲ. ಇವರನ್ನೆಲ್ಲ ಅಪವಾದ ಅನ್ನುವ ಯಂತ್ರದ ನಕ್ಷೆಯೇ ತಪ್ಪು. ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು ಅನಿಸಿ ಈ ಪತ್ರ. ಉದ್ದವಾದರೆ ಕ್ಷಮಿಸಿ, ಕತ್ತರಿ ನಿಮ್ಮ ಕೈಯಲ್ಲಿದೆ.

ಮೊದಲು ಯಂತ್ರ ಕಣ್ಣನ್ನು ಹೇಗೆ ಹಿಡಿಯುತ್ತದೆ ಅನ್ನುವುದು. ಹೆಡ್‌ಸೆಟ್ಟಿನ ಒಳಗೆ, ಕಣ್ಣಿನ ಸುತ್ತ ಸಣ್ಣ ಸಣ್ಣ ಇನ್‌ಫ್ರಾರೆಡ್ (ಕೆಂಪಿನಾಚೆಯ, ಕಣ್ಣಿಗೆ ಹೆಚ್ಚು ಕಮ್ಮಿ ಕಾಣದ ಬೆಳಕಿನ) ಎಲ್‌ಇಡಿಗಳು ಇರುತ್ತವೆ. ಆ ಬೆಳಕಿನ ತರಂಗಾಂತರ ಸಾಮಾನ್ಯವಾಗಿ 850 ಅಥವಾ 940 ನ್ಯಾನೋಮೀಟರ್. 850ರದ್ದು ಕತ್ತಲಲ್ಲಿ ಮಸುಕಾಗಿ ಕೆಂಪಗೆ ಕಾಣುತ್ತದೆ, 940 ಕಾಣುವುದೇ ಇಲ್ಲ, ಆದರೆ ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಕೂಡ ಅದನ್ನು ಕಡಿಮೆ ಹಿಡಿಯುತ್ತದೆ. ಈ ಬೆಳಕಿನಲ್ಲಿ ಒಂದು ಪುಟ್ಟ ಕ್ಯಾಮೆರಾ ಕಣ್ಣಿನ ಚಿತ್ರ ತೆಗೆಯುತ್ತಲೇ ಇರುತ್ತದೆ. ಚಿತ್ರದಲ್ಲಿ ಎರಡು ವಸ್ತು ಮುಖ್ಯ. ಒಂದು, ಕಪ್ಪಗೆ ಕಾಣುವ ಪಾಪೆ. ಇನ್ನೊಂದು, ಕಾರ್ನಿಯಾದ ಮೇಲೆ ಎಲ್‌ಇಡಿಗಳು ಮೂಡಿಸುವ ಚುಕ್ಕಿ ಹೊಳಪು. ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆ, ಸುಮಾರು 8 ಮಿಲಿಮೀಟರ್ ತ್ರಿಜ್ಯದ ಗೋಲದ ತುಂಡು, ಉಬ್ಬುಗನ್ನಡಿಯ ಹಾಗೆ ಕೆಲಸ ಮಾಡುತ್ತದೆ. ಕಣ್ಣು ತಿರುಗಿದಾಗ ಪಾಪೆ ಜಾಸ್ತಿ ಸರಿಯುತ್ತದೆ, ಹೊಳಪು ಕಡಿಮೆ ಸರಿಯುತ್ತದೆ. ಈ ಎರಡರ ನಡುವಿನ ಅಂತರವನ್ನು ಅಳೆದು ನೋಟ ಎತ್ತ ಇದೆ ಅಂತ ಲೆಕ್ಕ ಹಾಕುತ್ತಾರೆ. ಹೆಡ್‌ಸೆಟ್ ಮುಖದ ಮೇಲೆ ಸ್ವಲ್ಪ ಜಾರಿದರೆ ಎರಡೂ ಒಟ್ಟಿಗೆ ಜಾರುತ್ತವೆ, ಹಾಗಾಗಿ ಲೆಕ್ಕ ಅಷ್ಟೊಂದು ಕೆಡುವುದಿಲ್ಲ. ಬಹಳ ಜಾಣ ಉಪಾಯ ಇದು.

ಎಷ್ಟು ನಾಜೂಕು ಅಂದರೆ, ನೋಟ ಒಂದು ಡಿಗ್ರಿ ಬದಲಾದರೆ ಪಾಪೆ ಸರಿಯುವುದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಅದನ್ನು ಹಿಡಿಯಬೇಕು, ಸೆಕೆಂಡಿಗೆ ಅರವತ್ತು ಸಲವೋ ನೂರಿಪ್ಪತ್ತು ಸಲವೋ ಹಿಡಿಯಬೇಕು.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ನಮ್ಮ ಕಣ್ಣಿಗೆ ನಡುವಿನ ಎರಡು ಡಿಗ್ರಿಯಷ್ಟು ಜಾಗ ಮಾತ್ರ ಚೂಪಾಗಿ ಕಾಣುವುದು. ನೋಟ ಎಲ್ಲಿದೆ ಅಂತ ಗೊತ್ತಾದರೆ ಅಲ್ಲಿ ಮಾತ್ರ ಚಿತ್ರವನ್ನು ಪೂರ್ತಿ ಬಿಡಿಸಿ, ಉಳಿದ ಕಡೆ ಒರಟಾಗಿ ಬಿಡಿಸಿದರೆ ಸಾಕು, ಯಂತ್ರದ ಚಿಪ್‌ಗೆ ಕೆಲಸ ಕಡಿಮೆಯಾಗುತ್ತದೆ. ಇನ್ನು 2024ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಪಲ್ ವಿಷನ್ ಪ್ರೊ ಥರದ ಯಂತ್ರಗಳಲ್ಲಿ ಕಣ್ಣೇ ಮೌಸು. ನೋಡಬೇಕು, ಬೆರಳು ಚಿವುಟಬೇಕು, ಆಯ್ತು. ಕೈಕಾಲು ಆಡದ ರೋಗಿಗಳು ಕಣ್ಣಿನಿಂದಲೇ ಅಕ್ಷರ ಆರಿಸಿ ಮಾತಾಡುವ ಉಪಕರಣಗಳೂ ಇದೇ ತತ್ವದವು. ಅಂಥವರಲ್ಲಿ ಚಷ್ಮಾ ಇರುವವರಿಗೆ ಕ್ಯಾಲಿಬ್ರೇಶನ್ ಆಗಲಿಲ್ಲ ಅಂದರೆ ಮಾತೇ ನಿಂತಂತೆ.

ಈಗ ಈ ವ್ಯವಸ್ಥೆಯ ನಡುವೆ ಒಂದು ಚಷ್ಮಾ ಇಡಿ. ಎಲ್‌ಇಡಿಯೂ ಕ್ಯಾಮೆರಾವೂ ಗ್ಲಾಸಿನ ಆಚೆ, ಕಣ್ಣು ಈಚೆ. ಬೆಳಕು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಗ್ಲಾಸು ದಾಟಬೇಕು. ದಾಟುವುದೇನೋ ದಾಟುತ್ತದೆ, ತೊಂದರೆ ಅದಲ್ಲ. ಗ್ಲಾಸಿನ ಮುಂದಿನ ಮೈ, ಹಿಂದಿನ ಮೈ ಎರಡೂ ಎಲ್‌ಇಡಿಯನ್ನು ಕ್ಯಾಮೆರಾಕ್ಕೆ ವಾಪಸ್ ತೋರಿಸುತ್ತವೆ. ರಾತ್ರಿ ಚಿಗರಿ ಬಸ್ಸಿನಲ್ಲಿ ಕೂತು ಹೊರಗೆ ಯಾವ ಸ್ಟಾಪ್ ಬಂತು ಅಂತ ನೋಡಿದರೆ ಕಿಟಕಿಯಲ್ಲಿ ಒಳಗಿನ ಲೈಟೇ ಕಾಣುತ್ತದಲ್ಲ, ಕ್ಯಾಮೆರಾದ ಪಾಡೂ ಅದೇ.

ಲೆಕ್ಕ ನೋಡಿ. ಕಾರ್ನಿಯಾ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಿಂದಕ್ಕೆ ಕಳಿಸುವುದು ಶೇಕಡಾ ಎರಡೂವರೆಯಷ್ಟು. ಕೋಟಿಂಗ್ ಇಲ್ಲದ ಸಾದಾ ಪ್ಲಾಸ್ಟಿಕ್ ಗ್ಲಾಸು ಒಂದೊಂದು ಮೈಯಿಂದ ಶೇಕಡಾ 4ರಷ್ಟು ಕಳಿಸುತ್ತದೆ. ಪವರ್ ಜಾಸ್ತಿ ಇದ್ದವರು ತೆಳ್ಳಗೆ ಕಾಣಲಿ ಅಂತ ಬೆಳಕನ್ನು ಜಾಸ್ತಿ ಬಾಗಿಸುವ 1.67 ಇಂಡೆಕ್ಸಿನದು ಮಾಡಿಸುತ್ತಾರಲ್ಲ, ಅದು ಬರೀ ಮೈಯಲ್ಲಿ ಶೇಕಡಾ 6 ದಾಟುತ್ತದೆ. ಅಂದರೆ ನಮಗೆ ಬೇಕಾದ ಹೊಳಪಿಗಿಂತ ಬೇಡವಾದ ಹೊಳಪೇ ಜೋರು. ಅಷ್ಟೇ ಅಲ್ಲ. ಕಾರ್ನಿಯಾ ಪುಟ್ಟ ಉಬ್ಬು, ಅದರಲ್ಲಿ ಎಲ್‌ಇಡಿ ಸೂಜಿಮೊನೆಯಷ್ಟು ಕಾಣುತ್ತದೆ. ಗ್ಲಾಸಿನ ಮೈ ನೂರು ಮಿಲಿಮೀಟರ್ ಆಸುಪಾಸಿನ ತ್ರಿಜ್ಯದ್ದು, ಹೆಚ್ಚು ಕಮ್ಮಿ ಚಪ್ಪಟೆ. ಅದರಲ್ಲಿ ಅದೇ ಎಲ್‌ಇಡಿ ದೊಡ್ಡ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಅದು ಪಾಪೆಯ ಮೇಲೇ ಬಂದು ಕೂತರೆ ಮುಗಿಯಿತು.

ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಇದ್ದರೆ ಸರಿಹೋಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಇಲ್ಲಿದೆ ತಮಾಷೆ. ಆ ಕೋಟಿಂಗ್ ಮಾಡಿರುವುದು ಕಣ್ಣಿಗೆ ಕಾಣುವ ಬೆಳಕಿಗೆ, ಸುಮಾರು 400ರಿಂದ 700 ನ್ಯಾನೋಮೀಟರಿಗೆ. ಅದರಾಚೆ ಅದರ ಪದರಗಳ ಲೆಕ್ಕ ತಪ್ಪುತ್ತದೆ. ಕೆಲವು ಕೋಟಿಂಗ್‌ಗಳು ಬರೀ ಗ್ಲಾಸಿಗಿಂತಲೂ ಜಾಸ್ತಿ ಇನ್‌ಫ್ರಾರೆಡ್ ವಾಪಸ್ ಎಸೆಯುತ್ತವೆ. ಹೆಚ್ಚು ದುಡ್ಡು ಕೊಟ್ಟು ಕೋಟಿಂಗ್ ಮಾಡಿಸಿಕೊಂಡವರ ಕಣ್ಣೇ ಯಂತ್ರಕ್ಕೆ ಕಾಣದೇ ಹೋಗಬಹುದು! ಹೊರಗಿನಿಂದ ನೋಡಿದರೆ ಗ್ಲಾಸು ನೀಟಾಗಿ, ತಿಳಿಯಾಗಿರುತ್ತದೆ. ಹಸಿರು ಛಾಯೆಯದು, ನೀಲಿ ಛಾಯೆಯದು, ಬ್ಲೂ ಕಟ್ ಅಂತ ಮಾರುವುದು, ಒಂದೊಂದರದೂ ಒಂದೊಂದು ಪದರ. ಯಾವುದರಲ್ಲಿ ಇನ್‌ಫ್ರಾರೆಡ್ ಎಷ್ಟು ವಾಪಸ್ ಬರುತ್ತದೆ ಅಂತ ಯಾವ ಅಂಗಡಿಯ ಬಿಲ್ಲಿನಲ್ಲೂ ಬರೆದಿರುವುದಿಲ್ಲ. ಬಿಸಿಲಿಗೆ ಕಪ್ಪಾಗುವ ಗ್ಲಾಸಿನವರು ಮಾತ್ರ ಈ ವಿಷಯದಲ್ಲಿ ಹೆದರಬೇಕಿಲ್ಲ. ಅದು ಕಪ್ಪಾಗುವುದು ಅಲ್ಟ್ರಾವಯಲೆಟ್‌ನಿಂದ, ಹೆಡ್‌ಸೆಟ್ ಒಳಗೆ ಅದು ಇಲ್ಲ.

"ಸಾಫ್ಟ್‌ವೇರ್‌ನಲ್ಲಿ ಸರಿಮಾಡ್ತೀವಿ" ಅನ್ನುವುದು ಮಾರುವವರ ಮುಂದಿನ ಮಾತು. ಸ್ವಲ್ಪ ಮಟ್ಟಿಗೆ ನಿಜ. ಗ್ಲಾಸಿನ ಹೊಳಪು ಕಣ್ಣಿನ ಜೊತೆ ತಿರುಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಕಾರ್ನಿಯಾದ ಹೊಳಪು ತಿರುಗುತ್ತದೆ. ಆದ್ದರಿಂದ ಅಸಲಿ ಯಾವುದು, ನಕಲಿ ಯಾವುದು ಅಂತ ಬೇರ್ಪಡಿಸಬಹುದು. ಆದರೆ ಬಿಳಿ ಮಚ್ಚೆ ಪಾಪೆಯನ್ನು ಮುಚ್ಚಿ, ಆ ಜಾಗದ ಪಿಕ್ಸೆಲ್‌ಗಳೆಲ್ಲ ತುಂಬಿ ಹೋದ ಮೇಲೆ ಅಲ್ಲಿ ಉಳಿದಿರುವುದು ಏನು? ಕ್ಯಾಮೆರಾಕ್ಕೆ ಬೀಳದೇ ಇದ್ದದ್ದನ್ನು ಸಾಫ್ಟ್‌ವೇರ್ ಎಲ್ಲಿಂದ ತರಬೇಕು? ಅದಕ್ಕೇ ನಾನು ಹೇಳುವುದು, ಇದು ಲೆನ್ಸು, ಎಲ್‌ಇಡಿ, ಕ್ಯಾಮೆರಾ ಎಲ್ಲಿ ಕೂರಬೇಕು ಅಂತ ನಕ್ಷೆ ಹಾಕುವ ದಿನವೇ ತೀರ್ಮಾನ ಆಗುವ ವಿಷಯ.

ಹಾಗಾದರೆ ಎಲ್ಲಿ ಕೂರಿಸಬೇಕು? ಕನ್ನಡಿಯ ನಿಯಮ ನಮಗೆಲ್ಲ ಶಾಲೆಯಿಂದಲೇ ಗೊತ್ತು. ಬಿದ್ದ ಕೋನದಲ್ಲೇ ಬೆಳಕು ವಾಪಸ್ ಹೋಗುತ್ತದೆ. ಎಲ್‌ಇಡಿಯನ್ನು ಕ್ಯಾಮೆರಾದಿಂದ ದೂರ, ಓರೆಯಾಗಿ ಇಟ್ಟರೆ ಗ್ಲಾಸಿನ ಹೊಳಪು ಕ್ಯಾಮೆರಾಕ್ಕೆ ಬೀಳದೆ ಕೆನ್ನೆಯ ಕಡೆಗೋ ಹುಬ್ಬಿನ ಕಡೆಗೋ ಹೋಗುತ್ತದೆ. ಆದರೆ ಒಬ್ಬರ ಗ್ಲಾಸಿಗೆ ಸರಿಯಾದ ಜಾಗ ಇನ್ನೊಬ್ಬರದಕ್ಕೆ ಆಗುವುದಿಲ್ಲ. ಮೈನಸ್ ಜಾಸ್ತಿ ಇದ್ದಷ್ಟೂ ಗ್ಲಾಸಿನ ಮುಂದಿನ ಮೈ ಚಪ್ಪಟೆ, ಪ್ಲಸ್ ಜಾಸ್ತಿ ಇದ್ದಷ್ಟೂ ಉಬ್ಬು. ಫ್ರೇಮಿನ ಕೆಳತುದಿ ಕೆನ್ನೆಯ ಕಡೆ ಹತ್ತು ಡಿಗ್ರಿಯಷ್ಟು ವಾಲಿರುತ್ತದೆ, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ. ಹೆಡ್‌ಸೆಟ್ ಒತ್ತಿದಾಗ ಆ ವಾಲು ಬದಲಾಗುತ್ತದೆ. ಗ್ಲಾಸು ಒಂದು ಡಿಗ್ರಿ ತಿರುಗಿದರೆ ಹೊಳಪು ಎರಡು ಡಿಗ್ರಿ ತಿರುಗುತ್ತದೆ, ಮರೆಯಬೇಡಿ. ಆದ್ದರಿಂದ ಒಂದೇ ಗ್ಲಾಸಿಗೆ ಲೆಕ್ಕ ಹಾಕಿ ಕೈ ತೊಳೆದುಕೊಂಡರೆ ಆಗದು. ಮೈನಸ್ ಎಂಟರಿಂದ ಪ್ಲಸ್ ನಾಲ್ಕೋ ಐದೋ ತನಕ, ಬೇರೆ ಬೇರೆ ಉಬ್ಬು, ಬೇರೆ ಬೇರೆ ವಾಲು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಓಡಿಸಿ, ಹೊಳಪು ಪಾಪೆಯ ಮೇಲೆ ಬೀಳದ ಜಾಗ ಹುಡುಕಬೇಕು. ಎಲ್ಲರಿಗೂ ಆಗುವ ಒಂದು ಜಾಗ ಸಿಗುವುದು ಕಷ್ಟ. ಅದಕ್ಕೆ ಹಲವು ಎಲ್‌ಇಡಿ ಇಟ್ಟು, ಒಂದು ಚಿತ್ರಕ್ಕೆ ಈ ಗುಂಪು, ಮುಂದಿನ ಚಿತ್ರಕ್ಕೆ ಆ ಗುಂಪು ಅಂತ ಪಾಳಿಯಲ್ಲಿ ಹಚ್ಚುವ ದಾರಿ ಇದೆ. ಒಂದು ಗುಂಪು ಮಚ್ಚೆ ಮಾಡಿದರೆ ಇನ್ನೊಂದು ಉಳಿಸುತ್ತದೆ. ಬೆಲೆ ಏನು ಅಂದರೆ ಸಮಯ. ಸೆಕೆಂಡಿಗೆ 120 ಚಿತ್ರ ಅಂದರೆ ಒಂದಕ್ಕೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವಾಗ ಅದರ ವೇಗ ಸೆಕೆಂಡಿಗೆ ನೂರಾರು ಡಿಗ್ರಿ. ಅರ್ಧ ಚಿತ್ರಗಳು ಕೆಟ್ಟರೆ ಆ ಜಿಗಿತ ಕೈ ತಪ್ಪುತ್ತದೆ.

ಬೆಳಕಿನ ಅಲೆಗಳಲ್ಲಿ ಒಂದೇ ದಿಕ್ಕಿನವನ್ನು ಬಿಡುವ ಪೋಲರೈಸರ್ ಫಿಲ್ಟರ್ ಹಾಕಬಾರದೇ ಅಂತ ಫೋಟೋ ತೆಗೆಯುವ ಗೆಳೆಯರು ಕೇಳುತ್ತಾರೆ. ಎಲ್‌ಇಡಿಗೆ ಒಂದು, ಕ್ಯಾಮೆರಾಕ್ಕೆ ಅಡ್ಡಲಾಗಿ ಒಂದು. ಗ್ಲಾಸಿನ ಹೊಳಪು ಹೋಗುತ್ತದೆ, ನಿಜ. ಅದರ ಜೊತೆಗೆ ಕಾರ್ನಿಯಾದ ಹೊಳಪೂ ಹೋಗುತ್ತದೆ, ಅದೂ ಅದೇ ಜಾತಿಯ ಹೊಳಪು ತಾನೇ. ಉಳಿಯುವುದು ಪಾಪೆ ಒಂದೇ. ಪಾಪೆ ಒಂದನ್ನೇ ನಂಬಿದರೆ ಹೆಡ್‌ಸೆಟ್ ಜಾರಿದ ಕೂಡಲೇ ಲೆಕ್ಕ ಕೆಟ್ಟಿತು.

ಇನ್ನು ಗ್ಲಾಸಿನ ಪವರ್. ಮೈನಸ್ ಆರು ಪವರಿನವರ ಕಣ್ಣು ಗ್ಲಾಸಿನ ಮೂಲಕ ಶೇಕಡಾ ಎಂಟರಷ್ಟು ಚಿಕ್ಕದಾಗಿ ಕಾಣುತ್ತದೆ. ಪ್ಲಸ್ಸಿನವರದು ದೊಡ್ಡದಾಗಿ ಕಾಣುತ್ತದೆ. ಗ್ಲಾಸಿನ ನಡುವಿನಿಂದ ಒಂದು ಸೆಂಟಿಮೀಟರ್ ಆಚೆ ಹೋದರೆ ಮೈನಸ್ ಆರರ ಗ್ಲಾಸು ಬೆಳಕನ್ನು ಮೂರು ಡಿಗ್ರಿಗಿಂತ ಜಾಸ್ತಿ ಬಾಗಿಸುತ್ತದೆ. ಚಷ್ಮಾ ಮಾಡುವವರಿಗೆ ಈ ಪ್ರಿಸಂ ಲೆಕ್ಕ ಬಾಯಿಪಾಠ. ಚಷ್ಮಾ ಹಾಕಿಕೊಂಡೇ ಕ್ಯಾಲಿಬ್ರೇಶನ್ ಮಾಡಿದರೆ ಇದರಲ್ಲಿ ಬಹುಪಾಲು ಅದರೊಳಗೆ ಸೇರಿ ಹೋಗುತ್ತದೆ. ಎಲ್ಲಿಯ ತನಕ? ಚಷ್ಮಾ ಮೂಗಿನ ಮೇಲಿಂದ ಜಾರುವ ತನಕ. ಹೆಡ್‌ಸೆಟ್ ಜಾರಿದರೆ ಪಾಪೆ ಮತ್ತು ಹೊಳಪಿನ ಅಂತರ ಕಾಪಾಡುತ್ತದೆ ಅಂದೆನಲ್ಲ, ಚಷ್ಮಾ ಜಾರಿದರೆ ಅದು ಕಾಪಾಡುವುದಿಲ್ಲ, ಯಾಕೆಂದರೆ ಬೆಳಕು ಬಾಗುವ ಜಾಗವೇ ಬದಲಾಗಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಗದಗಿನ ಬಿಸಿಲಿಗೆ ಮೂಗು ಬೆವರುವವರಿಗೆ ಚಷ್ಮಾ ಎಷ್ಟು ಸಲ ಜಾರುತ್ತದೆ ಅಂತ ನಾನು ಹೇಳಬೇಕಿಲ್ಲ.

ಬೈಫೋಕಲ್ ಬಂದರೆ ಇನ್ನೂ ಫಜೀತಿ. ರೆಪ್ಪೆ ಅಡ್ಡ ಬರಬಾರದು ಅಂತ ಕ್ಯಾಮೆರಾವನ್ನು ಎಷ್ಟೋ ಸಲ ಕೆಳಗೆ, ಕೆನ್ನೆಯ ಕಡೆ ಇಡುತ್ತಾರೆ. ಕೆಳಗಿನಿಂದ ನೋಡಿದಾಗ ಅದು ನೋಡುವುದು ಯಾವುದರ ಮೂಲಕ? ಓದುವ ತುಂಡಿನ ಮೂಲಕ! ಅಲ್ಲಿ ಪವರ್ ಪ್ಲಸ್ ಎರಡರಷ್ಟು ಬೇರೆ. ಪಾಪೆಯ ಅರ್ಧ ಒಂದು ಅಳತೆಯಲ್ಲಿ, ಇನ್ನರ್ಧ ಇನ್ನೊಂದು ಅಳತೆಯಲ್ಲಿ, ನಡುವೆ ಒಂದು ಗೆರೆ. ಗುಂಡಗಿನ ಪಾಪೆ ಹುಡುಕಲು ಕಲಿಸಿದ ಸಾಫ್ಟ್‌ವೇರ್ ಇದನ್ನು ನೋಡಿ ಏನು ಮಾಡಬೇಕು ಪಾಪ. ಪ್ರೋಗ್ರೆಸಿವ್ ಗ್ಲಾಸಿನಲ್ಲಿ ಗೆರೆ ಇಲ್ಲ, ಆದರೆ ಪವರ್ ಮೇಲಿನಿಂದ ಕೆಳಗೆ ನಿಧಾನ ಬದಲಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಮೇಷ್ಟ್ರು, ಕ್ಲಾರ್ಕು, ಟೈಲರ್, ಅಕ್ಕಸಾಲಿಗರು, ಎಷ್ಟು ಜನ ಇನ್ನೂ ಬೈಫೋಕಲ್ ಹಾಕುತ್ತಾರೆ ನೋಡಿ. ಹೆಡ್‌ಸೆಟ್ ಮಾಡುವ ಕಂಪನಿಗಳ ಲ್ಯಾಬಿನಲ್ಲಿ ಕೂತವರು ಹೆಚ್ಚಾಗಿ ಎಳೆ ವಯಸ್ಸಿನವರು. ಈ ಗೆರೆ ಅವರ ಕಣ್ಣಿಗೆ ಬೀಳುವುದೇ ಅಪರೂಪ ಅಂತ ನನ್ನ ಗುಮಾನಿ.

ಜಾಗದ ಜಗಳ ಬೇರೆ ಇದೆ. ಚಷ್ಮಾದ ಗ್ಲಾಸು ಕಣ್ಣಿನಿಂದ 12ರಿಂದ 14 ಮಿಲಿಮೀಟರ್ ದೂರ ಇರುತ್ತದೆ. ಅದರ ದಪ್ಪ, ಫ್ರೇಮು, ಸ್ವಲ್ಪ ಸಂದು ಸೇರಿಸಿದರೆ ಹೆಡ್‌ಸೆಟ್ಟಿನ ಲೆನ್ಸು ಕಣ್ಣಿನಿಂದ 25 ಮಿಲಿಮೀಟರ್ ದೂರ ಹೋಗಬೇಕು. ಚಷ್ಮಾ ಇಲ್ಲದಿದ್ದರೆ 15 ಸಾಕು. ಹತ್ತೇ ಮಿಲಿಮೀಟರ್ ತಾನೇ ಅನ್ನಬೇಡಿ. 90 ಡಿಗ್ರಿ ಅಗಲ ಕಾಣಬೇಕು ಅಂದರೆ 15ರಲ್ಲಿ 30 ಮಿಲಿಮೀಟರ್ ಅಗಲದ ಲೆನ್ಸು ಬೇಕು, 25ರಲ್ಲಿ 50. ಕಣ್ಣು ಅತ್ತಿತ್ತ ತಿರುಗುವುದಕ್ಕೆ ಸ್ವಲ್ಪ ಬಿಟ್ಟರೆ ಇನ್ನೂ ಅಗಲ. ನಮ್ಮ ಎರಡು ಪಾಪೆಗಳ ನಡುವಿನ ದೂರವೇ ಸರಾಸರಿ 63 ಮಿಲಿಮೀಟರ್, ಹಲವರಿಗೆ ಅರವತ್ತಕ್ಕೂ ಕಡಿಮೆ. ಎರಡು ಲೆನ್ಸು ಮೂಗಿನ ಹತ್ತಿರ ಒಂದಕ್ಕೊಂದು ತಾಗುತ್ತವೆ. ಇಲ್ಲವೇ ಕಾಣುವ ಅಗಲವನ್ನು ಕಡಿಮೆ ಮಾಡಬೇಕು. ಕಡಿಮೆ ಮಾಡಿದರೆ ಜಾಹೀರಾತಿನಲ್ಲಿ ದೊಡ್ಡ ಅಂಕಿ ಹಾಕಲು ಆಗುವುದಿಲ್ಲ. ಅಲ್ಲಿಗೆ ಬಲಿ ಯಾರು ಅಂತ ಗೊತ್ತಾಯಿತಲ್ವಾ.

ಇದೇ ಇಕ್ಕಟ್ಟಿನಲ್ಲಿ ಕಣ್ಣಿನ ಕ್ಯಾಮೆರಾಕ್ಕೂ ದಾರಿ ಬೇಕು. ಕಾಣುವ ಬೆಳಕನ್ನು ಬಿಟ್ಟು ಇನ್‌ಫ್ರಾರೆಡ್ಡನ್ನು ಮಾತ್ರ ತಿರುಗಿಸುವ ಹಾಟ್ ಮಿರರ್ ಅನ್ನುವ ಕನ್ನಡಿ ಇದೆ. ಅದನ್ನು ಓರೆಯಾಗಿ ಇಟ್ಟರೆ ಕ್ಯಾಮೆರಾ ಕಣ್ಣನ್ನು ನೇರ ಎದುರಿನಿಂದ ನೋಡಬಹುದು. ಚಂದದ ಉಪಾಯ, ಆದರೆ ಓರೆ ಕನ್ನಡಿಗೆ ಜಾಗ ಬೇಕು, ಹೆಡ್‌ಸೆಟ್ ಮುಂದಕ್ಕೆ ಚಾಚುತ್ತದೆ, ಮೂಗಿನ ಮೇಲೆ ಭಾರ ಬೀಳುತ್ತದೆ. ಅದಕ್ಕೆ ಕ್ಯಾಮೆರಾವನ್ನು ಲೆನ್ಸಿನ ಅಂಚಿಗೆ ಸಿಕ್ಕಿಸುವುದೇ ರೂಢಿ. ಅಂಚಿನಿಂದ ಓರೆಯಾಗಿ ನೋಡಿದರೆ ಚಷ್ಮಾದ ಫ್ರೇಮೇ ಅಡ್ಡ. ಈಗಿನ ದಪ್ಪ ಕಪ್ಪು ಫ್ರೇಮ್ ಫ್ಯಾಶನ್ ಇದೆಯಲ್ಲ, ಅದು ಕ್ಯಾಮೆರಾಕ್ಕೆ ಗೋಡೆ. ಎರಡು ಕ್ಯಾಮೆರಾ ಇಟ್ಟರೆ ಒಂದಕ್ಕೆ ಮರೆಯಾದದ್ದು ಇನ್ನೊಂದಕ್ಕೆ ಕಾಣುತ್ತದೆ. ಖರ್ಚು ಏರುತ್ತದೆ, ಆದರೆ ನನ್ನನ್ನು ಕೇಳಿದರೆ ಆ ಖರ್ಚು ಮಾಡಲೇಬೇಕು.

ಕಂಪನಿಗಳು ಏನೂ ಮಾಡಿಲ್ಲ ಅಂತಲ್ಲ. ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2 ಅನ್ನುವುದು 2019ರಲ್ಲೇ ಬಂತು, ಚಷ್ಮಾದ ಮೇಲೆ ಹಾಕಬಹುದು, ಕಣ್ಣನ್ನೂ ಹಿಡಿಯುತ್ತದೆ. 2023ರ ಫೆಬ್ರುವರಿಯಲ್ಲಿ ಬಂದ ಪ್ಲೇಸ್ಟೇಷನ್ ವಿಆರ್ 2 ಸ್ವೀಡನ್ನಿನ ಟೋಬಿ ಕಂಪನಿಯ ತಂತ್ರಜ್ಞಾನ ಬಳಸಿತು, ಅದರಲ್ಲೂ ಲೆನ್ಸನ್ನು ಹಿಂದೆ ಸರಿಸಿ ಚಷ್ಮಾಕ್ಕೆ ಜಾಗ ಮಾಡಿಕೊಳ್ಳಬಹುದು. ಆಪಲ್‌ನವರು ಬೇರೆ ದಾರಿ ಹಿಡಿದರು. ಚಷ್ಮಾ ಬೇಡ, ನಿಮ್ಮ ಪವರಿನ ಜೈಸ್ ಲೆನ್ಸು ಮಾಡಿಸಿ ಆಯಸ್ಕಾಂತದಿಂದ ಒಳಗೆ ಅಂಟಿಸಿಕೊಳ್ಳಿ ಅಂದರು. ಆಗ ಅದರ ಬೆಲೆ 149 ಡಾಲರ್ ಇತ್ತು. ಆ ಲೆನ್ಸಿನ ಜೊತೆ ಒಂದು ಕೋಡ್ ಬರುತ್ತದೆ, ಅದನ್ನು ಯಂತ್ರಕ್ಕೆ ತೋರಿಸಿದರೆ ಒಳಗೆ ಯಾವ ಲೆನ್ಸು ಇದೆ ಅಂತ ಅದಕ್ಕೆ ತಿಳಿಯುತ್ತದೆ. ಕಣ್ಣಿನ ಲೆಕ್ಕಕ್ಕೆ ಪವರ್ ಎಷ್ಟು ಮುಖ್ಯ ಅಂತ ಇದರಿಂದಲೇ ಗೊತ್ತಾಗುತ್ತದೆ. ಒಬ್ಬರೇ ಇಟ್ಟುಕೊಳ್ಳುವ ಯಂತ್ರಕ್ಕೆ ಇದು ಬಹಳ ಒಳ್ಳೆಯ ದಾರಿ. ಲೆನ್ಸು ಜಾರುವುದಿಲ್ಲ, ಉಬ್ಬು ಎಷ್ಟು, ಕೋಟಿಂಗ್ ಯಾವುದು, ಎಲ್ಲ ಅವರಿಗೇ ಗೊತ್ತು. ಆದರೆ ನಮ್ಮ ಕಾಲೇಜುಗಳಲ್ಲಿ ಒಂದು ಹೆಡ್‌ಸೆಟ್ಟಿಗೆ ಒಂದಿಡೀ ಬ್ಯಾಚು ಪಾಳಿ ನಿಲ್ಲುತ್ತದೆ. ಒಬ್ಬೊಬ್ಬರಿಗೂ ಲೆನ್ಸು ಮಾಡಿಸಲು ಯಾರಿಗೆ ಆಗುತ್ತದೆ? ಹಂಚಿಕೊಂಡು ಬಳಸುವ ಯಂತ್ರ ಅಂದರೆ ಬಂದವರು ಬಂದ ಹಾಗೇ, ಹಾಕಿದ ಚಷ್ಮಾದಲ್ಲೇ ಕೂರಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಲಿ ಬಿಡಿ ಅನ್ನುವವರೂ ಇದ್ದಾರೆ. ಹುಬ್ಬಳ್ಳಿಯ ಧೂಳಿನಲ್ಲಿ ಒಂದು ವಾರ ಹಾಕಿ ನೋಡಿ, ಆಮೇಲೆ ಮಾತಾಡೋಣ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಕೊಪ್ಪೀಕರ ರಸ್ತೆಯಲ್ಲೋ ಧಾರವಾಡದ ಲೈನ್ ಬಜಾರ್‌ನಲ್ಲೋ ಯಾವುದೇ ಚಷ್ಮಾ ಅಂಗಡಿಗೆ ಹೋಗಿ, ಜನ ರಿಪೇರಿಗೆ ತರುವ ಚಷ್ಮಾಗಳನ್ನು ಒಂದು ಗಳಿಗೆ ನೋಡಿ. ಗೀರು ಬಿದ್ದವು, ಕೋಟಿಂಗ್ ಸಿಪ್ಪೆ ಎದ್ದವು, ಕಡ್ಡಿ ಸಡಿಲಾಗಿ ಒಂದು ಕಡೆ ವಾಲಿದವು, ಅಣ್ಣನ ಫ್ರೇಮಿಗೆ ತಮ್ಮನ ಗ್ಲಾಸು ಕೂರಿಸಿದವು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರ ಗ್ಲಾಸು ಒಂದು, ಬೈಕ್ ಮೇಲೆ ದಿನವೂ ಹಾವೇರಿಗೆ ಹೋಗಿ ಬರುವವರ ಗ್ಲಾಸು ಇನ್ನೊಂದು. ಒಂದೊಂದು ಗೀರೂ ಇನ್‌ಫ್ರಾರೆಡ್ ಬೆಳಕನ್ನು ಚೆದುರಿಸುತ್ತದೆ. ಇದರ ಮೇಲೆ ಕಾಡಿಗೆ. ಯಂತ್ರ ಹುಡುಕುವುದು ಚಿತ್ರದಲ್ಲಿ ಅತ್ಯಂತ ಕಪ್ಪಾದ ಜಾಗವನ್ನು. ಮಸಿಯಿಂದ ಮಾಡಿದ ಕಾಡಿಗೆ ಇನ್‌ಫ್ರಾರೆಡ್ಡಿನಲ್ಲೂ ಕಪ್ಪೇ. ರೆಪ್ಪೆಗೆ ಗಾಢವಾಗಿ ಹಚ್ಚಿದ್ದರೆ ಯಂತ್ರ ಪಾಪೆ ಬಿಟ್ಟು ಅದನ್ನೇ ಹಿಡಿಯಬಹುದು. ಪೊರೆಯ ಆಪರೇಶನ್ ಆದವರ ಕಣ್ಣೊಳಗಿನ ಲೆನ್ಸು ಪಾಪೆಯ ನಡುವೆಯೇ ಇನ್ನೊಂದು ಹೊಳಪು ತೋರಿಸುತ್ತದೆ. ಇದೆಲ್ಲ ನಮ್ಮಲ್ಲಿ ದಿನನಿತ್ಯದ್ದು. ಪರೀಕ್ಷೆ ಮಾಡುವವರ ಪಟ್ಟಿಯಲ್ಲೂ ಇರಬೇಕಾದದ್ದು.

ಮತ್ತೆ ನಾವು ಯಾಕೆ ಸುಮ್ನೆ ಕೂತಿದ್ದೇವೆ? ಧಾರವಾಡದಲ್ಲಿ ಐಐಟಿ ಇದೆ, ಐಐಐಟಿ ಇದೆ. ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಬಿವಿಬಿ ಅಂತಲೇ ನಮಗೆಲ್ಲ ಅಭ್ಯಾಸ. ಗದಗ, ಹಾವೇರಿ, ಕೊಪ್ಪಳದಿಂದ ಕಣ್ಣು ತೋರಿಸಲು ಜನ ಬರುವುದು ಹುಬ್ಬಳ್ಳಿಗೇ. ಹೆಡ್‌ಸೆಟ್ ಮಾಡುವುದು ದೊಡ್ಡ ಕಂಪನಿಗಳ ಕೆಲಸ ಇರಬಹುದು, ಪರೀಕ್ಷೆ ಮಾಡುವುದಕ್ಕೆ ಅಷ್ಟೊಂದು ದುಡ್ಡು ಬೇಕಿಲ್ಲ. ಗೋಲಿಗುಂಡು ಗೊತ್ತಲ್ಲ, ಮಕ್ಕಳು ಆಡುವುದು? ಸಾಮಾನ್ಯ ಗೋಲಿ 16 ಮಿಲಿಮೀಟರ್ ವ್ಯಾಸದ್ದು, ಅಂದರೆ 8 ತ್ರಿಜ್ಯ, ಹೆಚ್ಚು ಕಡಿಮೆ ಕಾರ್ನಿಯಾದಷ್ಟೇ. ಗಾಜಿನದ್ದಾದ್ದರಿಂದ ಶೇಕಡಾ 4ರಷ್ಟು ಬೆಳಕು ವಾಪಸ್ ಕೊಡುತ್ತದೆ, ಕಾರ್ನಿಯಾಕ್ಕಿಂತ ತುಸು ಜಾಸ್ತಿ, ಲೆಕ್ಕಕ್ಕೆ ಹಿಡಿದುಕೊಂಡರಾಯಿತು. ಉಕ್ಕಿನ ಬೇರಿಂಗ್ ಗುಂಡು ಬೇಡ, ಅದು ವಿಪರೀತ ಹೊಳೆಯುತ್ತದೆ. ಗಾಢ ಬಣ್ಣದ ಗೋಲಿಯನ್ನು ತಿರುಗುವ ಮೇಜಿನ ಮೇಲೆ ಕೂರಿಸಿ. ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ತೆಗೆದ ವೆಬ್‌ಕ್ಯಾಮ್, ಒಂದಿಷ್ಟು 850ರ ಎಲ್‌ಇಡಿ, ಮತ್ತು ಅಂಗಡಿಯವರು ಬಿಸಾಡಲು ಇಟ್ಟ ಹಳೇ ಗ್ಲಾಸುಗಳು. ಒಂದೊಂದರ ಪವರ್ ಲೆನ್ಸೋಮೀಟರ್‌ನಲ್ಲಿ ನೋಡಿ ಬರೆದುಕೊಳ್ಳಿ. ಎಲ್‌ಇಡಿಯ ಜಾಗ ಬದಲಿಸುತ್ತಾ, ಗ್ಲಾಸು ವಾಲಿಸುತ್ತಾ, ನಕಲಿ ಹೊಳಪು ಎಲ್ಲಿ ಬೀಳುತ್ತದೆ ಅಂತ ಗುರುತು ಹಾಕಿ. ಕೊನೆ ವರ್ಷದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೇ?

ಗೋಲಿಯಿಂದ ಶುರು ಮಾಡಿ ಅನ್ನುವುದಕ್ಕೆ ಬೇರೆ ಕಾರಣವೂ ಇದೆ. ಇನ್‌ಫ್ರಾರೆಡ್ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಜೋರಾದರೂ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಕಣ್ಣಿಗೆ ಎಷ್ಟು ಬೀಳಬಹುದು ಅನ್ನುವುದಕ್ಕೆ ಐಇಸಿ 62471 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದನ್ನು ಓದದೆ ಯಾರೂ ಗೆಳೆಯನ ಕಣ್ಣಿಗೆ ಎಲ್‌ಇಡಿ ಹಿಡಿಯಬಾರದು. ಜೊತೆಗೆ ಕಣ್ಣಿನ ಚಿತ್ರ ಅಂದರೆ ಐರಿಸ್, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಬಳೆಯ ಚಿತ್ರ. ಆಧಾರ್‌ಗೆ ಕೊಡುವುದೂ ಅದನ್ನೇ, ಹೋಲೋಲೆನ್ಸ್ 2 ಮತ್ತು ವಿಷನ್ ಪ್ರೊ ಬೀಗ ತೆಗೆಯುವುದೂ ಅದರಿಂದಲೇ. ಕಾಲೇಜಿನ ಯಾವುದೋ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳ ಐರಿಸ್ ಬಿದ್ದಿರುವುದು ಬೇಡ. ಗ್ಲಾಸುಗಳ ಅಳತೆ ಹಂಚಿಕೊಳ್ಳಲಿ, ಕಣ್ಣುಗಳದ್ದಲ್ಲ.

ಕೊಳ್ಳುವವರಿಗೆ ನನ್ನ ಮಾತು ಇಷ್ಟೇ. ಹೆಡ್‌ಸೆಟ್‌ಗಳ ಜೊತೆ ಬರುವ ವಿವರದ ಪಟ್ಟಿಯಲ್ಲಿ ನೋಟದ ನಿಖರತೆ ಅರ್ಧದಿಂದ ಒಂದು ಡಿಗ್ರಿ ಅಂತ ಬರೆದಿರುವುದು ಸಾಮಾನ್ಯ. ಆ ಅಂಕಿ ಯಾರ ಕಣ್ಣಿನದು ಅಂತ ಕೇಳಿ. ಕ್ಯಾಲಿಬ್ರೇಶನ್ ಆಗದವರನ್ನು ಹೊರಗಿಟ್ಟು ಸರಾಸರಿ ತೆಗೆದರೆ ಯಾರ ಅಂಕಿಯಾದರೂ ಚೆಂದ ಬರುತ್ತದೆ. ಚಷ್ಮಾದವರ ಅಂಕಿ ಬೇರೆ ಕೊಡಿ, ನೂರಕ್ಕೆ ಎಷ್ಟು ಜನಕ್ಕೆ ಆಗಲಿಲ್ಲ ಅನ್ನುವುದನ್ನೂ ಕೊಡಿ ಅಂತ ಟೆಂಡರಿನಲ್ಲೇ ಬರೆಯಿರಿ. ಹಣ ಕೊಡುವ ಮೊದಲು ಯಂತ್ರವನ್ನು ನಿಮ್ಮ ಸ್ಟಾಫ್ ರೂಮಿಗೆ ಒಂದು ದಿನ ತರಿಸಿ. ದಪ್ಪ ಮೈನಸ್ಸಿನವರು, ಬೈಫೋಕಲ್‌ನವರು, ಕೋಟಿಂಗ್ ಮಾಡಿಸಿದವರು, ಕಾಡಿಗೆ ಹಚ್ಚಿದವರು, ಎಲ್ಲರೂ ಹಾಕಿ ನೋಡಲಿ. ಎದ್ದು ಒಂದು ಸುತ್ತು ತಲೆ ಅಲ್ಲಾಡಿಸಿ ಮತ್ತೆ ನೋಡಲಿ, ಜಾರಿದ ಮೇಲೂ ಹಿಡಿಯುತ್ತದೆಯೇ ಅಂತ. ಹಿಡಿಯದಿದ್ದರೆ ಕಣ್ಣಿನ ಬದಲು ತಲೆಯಿಂದಲೋ ಕೈಯಿಂದಲೋ ಬಟನ್ ಆರಿಸುವ ದಾರಿ ಇರಲೇಬೇಕು, ಅದೂ ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ಅಲ್ಲ, ಮೊದಲ ಪರದೆಯಲ್ಲೇ. ಕಣ್ಣು ಹಿಡಿಯಲಿಲ್ಲ ಅಂತ ಯಾರ ಪ್ರಾಕ್ಟಿಕಲ್ ಅಂಕವೂ ಹೋಗಬಾರದು.

ನಿಮ್ಮಲ್ಲೂ ಒಂದು ವಿನಂತಿ. ಇಂಥ ಲ್ಯಾಬಿನ ಉದ್ಘಾಟನೆಗೆ ನಿಮ್ಮ ವರದಿಗಾರರು ಹೋದಾಗ ಎಷ್ಟು ಕೋಟಿ, ಎಷ್ಟು ಹೆಡ್‌ಸೆಟ್ ಅಂತ ಬರೆದುಕೊಳ್ಳುತ್ತಾರಲ್ಲ, ಅದರ ಜೊತೆಗೆ ಚಷ್ಮಾ ಹಾಕಿಕೊಂಡು ಎಷ್ಟು ಜನ ಪರೀಕ್ಷೆ ಮಾಡಿದರು, ಎಷ್ಟು ಜನಕ್ಕೆ ಆಗಲಿಲ್ಲ ಅಂತಲೂ ಕೇಳಲಿ. ಏನು ಉತ್ತರ ಬರುತ್ತದೋ ಅದನ್ನೂ ವರದಿಯಲ್ಲೇ ಹಾಕಿ.

ಇಂತಿ,
ನಿಮ್ಮ ಓದುಗ,
ವಿದ್ಯಾನಗರ, ಹುಬ್ಬಳ್ಳಿ